ಇವತ್ತ ಯಾವ ಗಾಡಿ?

ಸೈಕಲ್ ಮೇಲೆ ಮನೆ ಬಿಟ್ಟವನು ಸೈಕಲ್ ಮೇಲೆಯೇ ಮನೆಗೆ ಬರುತ್ತಾನೆ ಎಂದು ನೀವು ತಿಳಿದಿದ್ದರೆ ನೀವು ನಮ್ಮ ವಿಜಯಪುರದ ಕಡೆಯವರಲ್ಲ. ಇಲ್ಲಿ ಹೋಗುವುದಷ್ಟೇ ನಮ್ಮ ಕೈಯಲ್ಲಿದೆ, ಬರುವುದು ಹಾದಿಯ ಊರುಗಳವರ ಕೈಯಲ್ಲಿದೆ. ನನಗಂತೂ ಇಂಥ ಒಂದು ಪ್ರಸಂಗ ಮುಗಿಯುವುದರೊಳಗೆ ಇನ್ನೊಂದು ತಯಾರಾಗಿ ನಿಂತಿರುತ್ತದೆ.

ನಾನು ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುವವನು. ವಯಸ್ಸು ನಡು, ಬೆಳೆಯುತ್ತಿರುವುದೂ ನಡುವೇ. ಸಕ್ಕರೆ ಗಡಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೇಳಿದಾಗ, ಪುಣೆಯಲ್ಲಿರುವ ಅಕ್ಕನ ಮಗ ಮೂಲೆಗೆ ಹಚ್ಚಿದ್ದ ಗ್ರಾವೆಲ್ ಬೈಕ್ ತರಿಸಿಕೊಂಡೆ. ಹೆಸರಿಗೆ ಬೈಕ್, ಇಂಜಿನ್ ಇಲ್ಲ. ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್, ಸೈಕಲ್ಲಿಗೆ ತುಸು ದಪ್ಪವೇ ಅನ್ನಿಸುವ ಟೈರು. ಡಾಂಬರು ಬಿಟ್ಟು ಕಲ್ಲು, ಗರಸು, ಬರಡು ಮಡ್ಡಿಯ ಹಾದಿಯಲ್ಲಿ ಓಡಿಸಲೆಂದೇ ಮಾಡಿದ್ದು. ಕಲ್ಲು, ಗರಸು, ಮಡ್ಡಿಗೆ ನಮ್ಮಲ್ಲಿ ಬಡತನವಿಲ್ಲ.

ನನ್ನ ಆಸೆ ದೊಡ್ಡದೇನಲ್ಲ. ವಿಜಯಪುರದಿಂದ ತಿಕೋಟಾ, ಅಲ್ಲಿಂದ ಗುಡ್ಡ, ನಾವು ಪಡ ಎನ್ನುವ ದ್ರಾಕ್ಷಿ ತೋಟ ದಾಟಿ ಬಬಲೇಶ್ವರ, ಬಬಲೇಶ್ವರದಿಂದ ತಿರುಗಿ ಮನೆ. ಈ ಒಂದು ಸುತ್ತನ್ನು ನಾನೇ ತುಳಿದು ನಾನೇ ಮುಗಿಸಬೇಕು. ಆದರೆ ನಮ್ಮ ಸೀಮೆಯಲ್ಲಿ ಸಂಬಳ ಬರುವ ಮನುಷ್ಯ ಬಿಸಿಲಲ್ಲಿ ಸೈಕಲ್ ತುಳಿಯುವುದನ್ನು ಕಂಡರೆ ಜನ ಸುಮ್ಮನಿರುವುದಿಲ್ಲ. ಏನೋ ಕಷ್ಟ ಬಂದಿದೆ ಎಂದು ಮರುಗುತ್ತಾರೆ, ಉಣ್ಣಿಸುತ್ತಾರೆ, ಸೈಕಲ್ ಸಮೇತ ಯಾವುದಾದರೂ ಗಾಡಿಗೆ ಏರಿಸಿ ಮನೆಗೆ ಮುಟ್ಟಿಸುತ್ತಾರೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಪ್ರತಿ ಸಲ ಕೇಳುವ ಮಾತು ಒಂದೇ. "ಬಂದ್ರ್ಯಾ? ಇವತ್ತ ಯಾವ ಗಾಡಿ?"

ಕೊನೆಗೆ ಅವಳೊಂದು ಕರಾರು ಹಾಕಿದಳು. "ಯುಗಾದಿ ತನ ಟೈಮ್ ಕೊಡ್ತೇನಿ. ಒಮ್ಮೆರ ಇದರ ಮ್ಯಾಲೆ ಹೋಗಿ ಇದರ ಮ್ಯಾಲೇ ಬರ್ರಿ. ಇಲ್ಲಂದ್ರ ಇದು ನಮ್ಮ ತಮ್ಮನ ಮನಿಗೆ ಹೋಗ್ತೈತಿ." ಅವಳ ತಮ್ಮನಿಗೆ ಆ ಸೈಕಲ್ ಮೇಲೆ ಕಣ್ಣಿತ್ತು. ಬಂದಾಗಲೆಲ್ಲ ಮೊದಲು ಅದರ ಟೈರು ಹಿಸುಕಿ ನೋಡಿ, ಆಮೇಲೆ ನನ್ನನ್ನು ಆರಾಮೇನ್ರಿ ಎಂದು ಕೇಳುತ್ತಿದ್ದ. ಸೋಲು ಗೆಲುವಿನ ತೀರ್ಪು ಹೇಳುವ ಕೆಲಸಕ್ಕೆ ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರನ್ನು ನೇಮಿಸಲಾಯಿತು. ದಿನವಿಡೀ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂಡುವ ಅವರ ಕಣ್ಣು ತಪ್ಪಿಸಿ ಓಣಿಗೆ ಬೆಕ್ಕೂ ಬರುವುದಿಲ್ಲ. ಅವರು ನೋಡಿದರೆ ಮಾತ್ರ ಲೆಕ್ಕ.

ಕಳುವಾದ ಕ್ಯಾರಿಯರ್

ಮೊದಲ ಸಲ ತಿಕೋಟಾದ ಚಾದಂಗಡಿಯಲ್ಲಿ ಸೈಕಲ್ ಗೋಡೆಗೆ ಒರಗಿಸಿದೆ. ಚಹಾ ಬರುವುದರೊಳಗೆ ಸುತ್ತ ಜನ ಸೇರಿದರು.

"ಸರ, ಕ್ಯಾರಿಯರ್ ಎಲ್ಲಿ?"

"ಇಲ್ರಿ."

"ಸ್ಟ್ಯಾಂಡ್?"

"ಇಲ್ಲ."

"ಗಂಟಿ? ಮಡ್‌ಗಾರ್ಡ್?"

"ಅವೂ ಇಲ್ರಿ."

ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಎಲ್ಲಿ ನಿಲ್ಲಿಸಿದ್ರಿ? ಪೂರಾ ಬಿಚ್ಚಿಕೊಂಡ ಹೋಗ್ಯಾರಲ್ರಿ" ಎಂದ.

ಕಳುವಾಗಿಲ್ಲ, ಇದು ಬರುವುದೇ ಹೀಗೆ, ಭಾರ ಕಡಿಮೆಯಾದಷ್ಟೂ ಬೆಲೆ ಹೆಚ್ಚು ಎಂದು ನಾನು ತಿಳಿಸಿ ಹೇಳಿದೆ. ಹಿಂದಿನಿಂದ ಒಬ್ಬ, "ಹಂಗಾರ ಗಾಲಿನೂ ತಗಿಸಿಬಿಡ್ರಿ, ಇನ್ನೂ ತುಟ್ಟಿ ಆಗ್ತೈತಿ" ಎಂದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಅಲ್ಲೇ ಸಿಕ್ಕರು. ಅವರೊಡನೆ ಒಳಗೆ ಕೂತು ಚಹಾ ಕುಡಿದು ಹೊರಗೆ ಬರುವಷ್ಟರಲ್ಲಿ ಪುಣ್ಯಾತ್ಮರು ಯಾವುದೋ ಹಳೆಯ ಸೈಕಲ್ಲಿನ ಕ್ಯಾರಿಯರ್ ತಂದು ನನ್ನದಕ್ಕೆ ತಂತಿಯಿಂದ ಬಿಗಿದು, ಹ್ಯಾಂಡಲಿಗೆ ಗಂಟೆ ಕಟ್ಟಿ, ಮೂರು ಹೆಜ್ಜೆ ಹಿಂದೆ ಸರಿದು ನೋಡುತ್ತ ನಿಂತಿದ್ದರು. "ಈಗ ನೋಡ್ರಿ, ಸೈಕಲ್ ಆತು" ಎಂದರು. ಅವರ ಮುಖದ ಸಂತೋಷ ನೋಡಿ ಬಿಚ್ಚಿರಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಊರ ಹೊರಗಿನ ಏರಿನಲ್ಲಿ ಆ ತಂತಿ ಬಿಚ್ಚಿ ಹಿಂದಿನ ಗಾಲಿಗೆ ಸುತ್ತಿಕೊಂಡು ಚೈನು ಹರಿಯಿತು. ಹಾಲಿನ ಗಾಡಿಯವನು ಕ್ಯಾನುಗಳ ನಡುವೆ ನನಗೆ ಜಾಗ ಮಾಡಿಕೊಟ್ಟ. ಹೆಂಡತಿ ಯಾವ ಗಾಡಿ ಎಂದು ಕೇಳಿದಳು. ಹೆಡ್‌ಮಾಸ್ತರರು ಗೇಟಿನಿಂದ ಎದ್ದು ಬಂದು ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, "ಹರದ ಚೈನ್ ಹಾಳಾಗಿ ಹೋಗ್ಲಿ, ಕ್ಯಾರಿಯರ್ ಒಂದ ಸಿಕ್ತಲ್ಲ, ಅಷ್ಟ ಸಾಕ" ಎಂದರು.

ನಿಂತು ಬಂದ ಪ್ರಯಾಣ

ಕಲ್ಲು ಹಾದಿಯಲ್ಲಿ ತಾಸುಗಟ್ಟಲೆ ತುಳಿದರೆ ಕೂಡುವ ಜಾಗ ತನ್ನ ತಕರಾರು ಹೇಳುತ್ತದೆ. ಅದಕ್ಕೆಂದೇ ಸೈಕಲ್ಲಿನವರು ಒಂದು ಚಡ್ಡಿ ಹಾಕುತ್ತಾರೆ. ಮೈಗೆ ಅಂಟಿದ ಕರಿ ಚಡ್ಡಿ, ಒಳಗೆ ಹಿಂದುಗಡೆ ದಪ್ಪನೆಯ ಮೆತ್ತೆ. ಸೈಕಲ್ ಮೇಲಿರುವ ತನಕ ಎಲ್ಲ ಸರಿ. ಇಳಿದು ನಡೆದರೆ ಮಾತ್ರ ಕಾಲು ಅಗಲಿಸಿಯೇ ನಡೆಯಬೇಕಾಗುತ್ತದೆ.

ಹೊನವಾಡದ ಬಸ್ ನಿಲ್ದಾಣದಲ್ಲಿ ನೀರು ಕುಡಿಯಲು ಇಳಿದೆ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕಿ ಆಯಿ ನನ್ನ ನಡಿಗೆ ನೋಡಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಯಪ್ಪಾ, ಹಿಂದ ಏನ ಕಟಗೊಂಡೀಯೋ?"

"ಏನಿಲ್ಲ ಆಯಿ, ಚಡ್ಡಿನ ಹಂಗ ಐತಿ. ಒಳಗ ಮೆತ್ತಿ ಹಚ್ಚಿರ್ತಾರ."

"ಯಾಕ ಹಚ್ತಾರ?"

"ಕುಂತ್ರ ನೋವ ಆಗಬಾರದಂತ."

ಆಯಿ ಪಕ್ಕದಲ್ಲಿದ್ದ ಮುದುಕ ಮುತ್ಯಾನ ಕಡೆ ನೋಡಿದಳು. ಮುತ್ಯಾ ತಲೆಯಲ್ಲಾಡಿಸಿ, ಗುಟ್ಟು ಹೇಳುವವರ ಹಾಗೆ ಆದರೆ ಇಡೀ ನಿಲ್ದಾಣಕ್ಕೆ ಕೇಳುವಂತೆ, "ಮೂಲವ್ಯಾಧಿ" ಎಂದ.

ಅಲ್ಲಿಂದ ಮುಂದೆ ನನ್ನ ಮಾತು ಯಾರೂ ಕೇಳಲಿಲ್ಲ. ಮೂಲಂಗಿ ರಸ ಕುಡಿ ಎಂದು ಒಬ್ಬರು, ಖಾರ ಬಿಡು ಎಂದು ಇನ್ನೊಬ್ಬರು, ಈ ಸ್ಥಿತಿಯಲ್ಲಿ ಸೈಕಲ್ ಹೊಡೆಯಲು ಬಿಟ್ಟ ಮನೆಯವರಿಗೆ ಬುದ್ಧಿ ಇಲ್ಲವೇ ಎಂದು ಆಯಿ. ಅಷ್ಟರಲ್ಲಿ ಬಸ್ಸು ಬಂತು. ಸೈಕಲ್ಲನ್ನು ಒಳಗೆ ತೂರಿಸಿ, ನನ್ನನ್ನೂ ಏರಿಸಿ, ಮುತ್ಯಾ ಕಂಡಕ್ಟರನ ಕಿವಿಯಲ್ಲಿ ವಿಷಯ ಹೇಳಿದ.

ಬಸ್ಸು ಅರ್ಧ ಖಾಲಿ ಇತ್ತು. ಕೂಡಲು ಹೋದರೆ ಕಂಡಕ್ಟರ್ ಓಡಿ ಬಂದು ನನ್ನ ರಟ್ಟೆ ಹಿಡಿದ. "ಬ್ಯಾಡ್ರಿ ಸರ, ನಿಂದರ್ರಿ. ನಂಗ ಎಲ್ಲಾ ಗೊತ್ತೈತಿ. ನಾಚಿಕೊಳ್ಳೂದೇನೂ ಇಲ್ಲ." ಹೀಗೆ ಹೊನವಾಡದಿಂದ ವಿಜಯಪುರದ ತನಕ ಖಾಲಿ ಸೀಟುಗಳ ನಡುವೆ ಕಂಬ ಹಿಡಿದು ನಿಂತು ಬಂದೆ. ಬಸ್ಸಿನಲ್ಲಿ ನಮ್ಮ ಕಾಲೇಜಿನ ಇಬ್ಬರು ಹುಡುಗಿಯರಿದ್ದುದನ್ನು ಇಳಿಯುವಾಗಷ್ಟೇ ನೋಡಿದೆ. ಮರುದಿನ ಕ್ಲಾಸಿಗೆ ಹೋದರೆ ನನ್ನ ಕುರ್ಚಿಯ ಮೇಲೆ ಯಾರೋ ತಲೆದಿಂಬು ಇಟ್ಟಿದ್ದರು.

ಸರ್‌ಗೆ ಎಣ್ಣಿ ಜಾಸ್ತಿ ಆಗೈತಿ

ದ್ರಾಕ್ಷಿಗೆ ರೋಗ ಬರದಂತೆ ಔಷಧ ಸಿಂಪಡಿಸುವುದಕ್ಕೆ ನಮ್ಮ ಕಡೆ ಎಣ್ಣಿ ಹೊಡೆಯುವುದು ಎನ್ನುತ್ತಾರೆ. ಸೆರೆ ಸಾರಾಯಿ ಕುಡಿಯುವುದಕ್ಕೂ ಅದೇ ಮಾತು. ರೈತರಿಗೆ ಮೊದಲನೆಯ ಅರ್ಥ ಮೊದಲು ಹೊಳೆಯುತ್ತದೆ. ನನ್ನ ಹೆಂಡತಿ ಪೇಟೆಯಲ್ಲಿ ಹುಟ್ಟಿ ಬೆಳೆದವಳು.

ಘೋಣಸಗಿ ಕಡೆ ಎರಡು ಪಡಗಳ ನಡುವಿನ ಕಾಲುದಾರಿಯಲ್ಲಿ ಹೋಗುತ್ತಿದ್ದೆ. ಸಾಲಿನ ತುದಿಯಲ್ಲಿ ಟ್ರ್ಯಾಕ್ಟರ್ ತಿರುಗಿತು, ಅದರ ಹಿಂದಿನ ಫ್ಯಾನೂ ತಿರುಗಿತು, ದ್ರಾಕ್ಷಿಗೆ ಸಲ್ಲಬೇಕಾದದ್ದೆಲ್ಲ ನನಗೆ ಸಂದಿತು. ಪಡದ ಮಾಲಕ ಓಡಿ ಬಂದು, ನೀರಿನ ತೊಟ್ಟಿಗೆ ಕರೆದೊಯ್ದು ತಲೆಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದು, ಬೇವಿನ ಗಿಡದ ಕೆಳಗೆ ಹೊರಸಿನ ಮಂಚದ ಮೇಲೆ ಮಲಗಿಸಿದ. ತಲೆ ಗಿರ್ರೆನ್ನುತ್ತಿತ್ತು. ಅದೇ ಹೊತ್ತಿಗೆ ಹೆಂಡತಿಯ ಫೋನ್ ಬಂತು. ಅವನೇ ಎತ್ತಿದ. ಫೋನು ಸ್ಪೀಕರಿಗೆ ಬಿದ್ದಿದ್ದರಿಂದ ಮಲಗಿದಲ್ಲೇ ಎಲ್ಲ ಕೇಳಿಸುತ್ತಿತ್ತು, ಎದ್ದು ಕಸಿದುಕೊಳ್ಳಲು ಶಕ್ತಿ ಇರಲಿಲ್ಲ.

"ಗಾಬ್ರಿ ಆಗಬ್ಯಾಡ್ರಿ ಅಕ್ಕಾರ. ಸರ್ ಇಲ್ಲೇ ಅದಾರ, ಮಲಗ್ಯಾರ. ಎಣ್ಣಿ ಸ್ವಲ್ಪ ಜಾಸ್ತಿ ಆಗೈತಿ."

"ಎಣ್ಣಿ?"

"ಹೌದ್ರಿ. ನಾವು ಮುಂಜಾನಿಂದ ಹೊಡಿಯಾಕತ್ತಿದ್ವಿ. ಸರ್ ನಡುವ ಬಂದ್ರು. ಬ್ಯಾಡ್ರಿ, ದೂರ ನಿಂದರ್ರಿ ಅಂತ ಕೈ ಮಾಡಿದ್ವಿ, ಕೇಳಲಿಲ್ಲ."

"ಮುಂಜಾನಿಂದ?"

"ಏನ ಮಾಡೂದ್ರಿ, ಈ ಹಂಗಾಮಿನ್ಯಾಗ ಹೊಡೀಲಿಲ್ಲಂದ್ರ ನಡ್ಯಂಗಿಲ್ಲ. ನಮ್ಮ ಮನ್ಯಾಗ ಹೆಣ್ಣಮಕ್ಕಳೂ ಕೈ ಹಚ್ತಾರ."

ಆ ಕಡೆ ಫೋನ್ ಕಟ್ಟಾಯಿತು. ಮಾಲಕ ತನ್ನ ಟೆಂಪೋದಲ್ಲಿ ನನ್ನನ್ನು ಕಳಿಸಿಕೊಟ್ಟ. ಅಂದು ಹೆಂಡತಿ ಯಾವ ಗಾಡಿ ಎಂದು ಕೇಳಲಿಲ್ಲ. ಹತ್ತಿರ ಬಂದು ಮೂಸಿದಳು. ಟೆಂಪೋ ಡ್ರೈವರ್ ಕೈ ಮುಗಿದು, "ಅಕ್ಕಾರ, ಅದು ಗಿಡಕ್ಕ ಹೊಡಿಯೂ ಎಣ್ಣಿರಿ" ಎಂದು ಬಿಡಿಸಿ ಹೇಳಿದ ಮೇಲೆ ಅವಳಿಗೆ ನಗು ಬಂತು. ಇನ್ನು ಮೇಲೆ ಹೀಗೇನಾದರೂ ಆದರೆ ತನಗೇ ಫೋನ್ ಮಾಡು ಎಂದು ಅವನಿಗೆ ತನ್ನ ನಂಬರು ಕೊಟ್ಟಳು. ಎದುರು ಮನೆಯ ಹೆಡ್‌ಮಾಸ್ತರರಿಗೆ ಮಾತ್ರ ಎಣ್ಣಿ ಜಾಸ್ತಿ ಆಗೈತಿ ಎಂಬ ಮೊದಲರ್ಧವಷ್ಟೇ ಕೇಳಿಸಿತ್ತು. ಸಂಜೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಬಿಡ್ತೇನಂದ್ರ ಬಿಡಾಕ ಬರ್ತೈತಿ ತಮ್ಮಾ, ಮನಸ ಗಟ್ಟಿ ಮಾಡಬೇಕು" ಎಂದು ಹೇಳಿ ಹೋದರು.

ಗರಸಿನ ಸಾಹೇಬ್ರು

ಬಬಲೇಶ್ವರದ ಈಚೆ ಒಂದು ಹಳೆಯ ಊರು. ಊರ ಬಾಗಿಲಾದ ಕಲ್ಲಿನ ಅಗಸಿ ಇನ್ನೂ ಗಟ್ಟಿಯಾಗಿದೆ, ಅದರ ಕಟ್ಟೆಯ ಮೇಲೆ ಕೂಡುವ ಹಿರಿಯರೂ ಗಟ್ಟಿಯಾಗಿದ್ದಾರೆ. ಅವರಲ್ಲೊಬ್ಬರು ಕೇಳಿದರು.

"ಏನ್ ಸೈಕಲ್ರಿ ಇದು?"

"ಗ್ರಾವೆಲ್ ಬೈಕ್ ಅಂತಾರ್ರಿ."

"ಗ್ರಾವೆಲ್ ಅಂದ್ರ?"

ಕಲಿಸುವವನ ಚಟ ಎಲ್ಲಿ ಹೋದೀತು. "ಗ್ರಾವೆಲ್ ಅಂದ್ರ ಗರಸು. ಗರಸಿನ ರಸ್ತಾ ಎಲ್ಲೆಲ್ಲಿ ಅದಾವ, ಹೆಂಗದಾವ, ನೋಡಕೊಂತ ಹೋಗೂದಕ್ಕನ ಇದನ್ನ ಮಾಡ್ಯಾರ" ಎಂದೆ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಊರಿನ ಹೊಲದ ರಸ್ತೆಗೆ ಆಗಷ್ಟೇ ಗರಸು ಹಾಕಿದ್ದರು. ಹಾಕಿದ್ದು ಗರಸೋ ಬರೀ ಮಣ್ಣೋ ಎಂದು ಊರಲ್ಲಿ ದೊಡ್ಡ ತಂಟೆ ನಡೆದಿತ್ತು. ಐದು ನಿಮಿಷದಲ್ಲಿ ಸುದ್ದಿ ಊರು ಸುತ್ತಿತು. "ಗರಸು ನೋಡಾಕ ಸಾಹೇಬ್ರು ಬಂದಾರ. ಜೀಪ್ ತಂದ್ರ ಗೊತ್ತಾಗ್ತೈತಂತ ಸೈಕಲ್ ಮ್ಯಾಲೆ ಬಂದಾರ." ನನ್ನ ಹೆಲ್ಮೆಟ್ಟು, ಕಪ್ಪು ಕನ್ನಡಕ, ಹ್ಯಾಂಡಲಿನ ಮೇಲಿದ್ದ ದಾರಿ ತೋರಿಸುವ ಸಣ್ಣ ಯಂತ್ರ ಎಲ್ಲವೂ ಅದಕ್ಕೆ ಸಾಕ್ಷಿಯಾದವು.

ನನ್ನನ್ನು ಮೆರವಣಿಗೆಯಲ್ಲಿ ಆ ರಸ್ತೆಗೆ ಕರೆದೊಯ್ದರು. ಒಬ್ಬ ಕಾಕಾ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿ, "ನೀವ ಹೇಳ್ರಿ, ಇದೇನು?" ಎಂದ. ಭೂಗೋಳದವನು ನಾನು, ಸುಳ್ಳು ಹೇಳಲಾಗುವುದಿಲ್ಲ. "ಮಣ್ಣು" ಎಂದೆ. ಜನ ಚಪ್ಪಾಳೆ ಹೊಡೆದರು. ಕಾಮಗಾರಿ ಗುತ್ತಿಗೆ ಹಿಡಿದವನ ಕಡೆಯ ಮನುಷ್ಯ ಬೆವರುತ್ತ ಓಡಿ ಬಂದು, ಸ್ವಲ್ಪ ಟೈಮ್ ಕೊಡಿ ಸಾಹೇಬ್ರ ಎಂದು ಕೈ ಮುಗಿದ. ನಾನು ಸಾಹೇಬ ಅಲ್ಲ, ಮಾಸ್ತರ ಎಂದೆ. "ಹಂಗ ಹೇಳಬೇಕಾಗ್ತೈತಿ ಬಿಡ್ರಿ, ನಿಮ್ಮ ನೌಕ್ರಿನ ಹಂತಾದ್ದು" ಎಂದ. ಊರವರು ಹಾರ ಹಾಕಿದರು, ಅವನು ತನ್ನ ಜೀಪಿನಲ್ಲಿ ಸೈಕಲ್ ಸಮೇತ ಮನೆಗೆ ಮುಟ್ಟಿಸಿದ.

ಹೆಂಡತಿ ಹಾರ ನೋಡಿ, "ಹಾರ ಹಾಕಿ ಕಳಿಸ್ಯಾರಂದ್ರ ಮತ್ತ ಬರಬ್ಯಾಡ್ರಿ ಅಂತ ಅರ್ಥ" ಎಂದಳು.

ತಿಂಗಳೊಪ್ಪತ್ತಿನ ಮೇಲೆ ಮತ್ತೆ ಹೋದೆ. ಆ ಸುತ್ತಿನಲ್ಲೆಲ್ಲ ನನಗೆ ಅತಿ ಇಷ್ಟವಾದ ಹಾದಿ ಅದು. ಹೋಗಿ ನೋಡಿದರೆ ಕನ್ನಡಿಯ ಹಾಗೆ ಡಾಂಬರು ಹೊಳೆಯುತ್ತಿದೆ. ಅದೇ ಕಾಕಾ ಎದುರು ಬಂದು ನನ್ನ ಎರಡೂ ಕೈ ಹಿಡಿದು, "ನಿಮ್ಮ ಪುಣ್ಯಾ ಸಾಹೇಬ್ರ. ಹುಡುಕಿದ್ರೂ ಒಂದ ಹರಳ ಗರಸು ಸಿಗೂದಿಲ್ಲ" ಎಂದ.

ಗಾಡಿ ಒಲ್ಲೆ ಅಂದ ದಿನ

ಯುಗಾದಿ ಹತ್ತಿರ ಬಂತು. ಭಾವಮೈದುನ ಫೋನ್ ಮಾಡಿ, "ಭಾವಾರ, ಬರೂ ವಾರ ಬರ್ತೇನಿ, ಗಾಳಿ ತುಂಬಿಸಿ ಇಡ್ರಿ" ಎಂದ. ಉಳಿದದ್ದು ಒಂದೇ ಭಾನುವಾರ. ಸೈಕಲ್ಲಿನ ಮೇಲೆ ನನಗೆ ಎಷ್ಟು ಜೀವವಿದೆ ಎಂದು ನನಗೇ ತಿಳಿದದ್ದು ಆಗ. ನಕ್ಕವರು ನಗಲಿ, ಆ ಗುಡ್ಡ, ಆ ಪಡ, ಆ ಅಗಸಿಗಳ ನಡುವೆ ನಾನು ಮೊದಲ ಸಲ ನನ್ನ ಜಿಲ್ಲೆಯನ್ನು ನೋಡಿದ್ದೆ. ಇಷ್ಟು ವರ್ಷ ನಕಾಶೆಯಲ್ಲಿ ಕೋಲಿನಿಂದ ತೋರಿಸಿದ್ದಷ್ಟೇ.

ಆ ಮುಂಜಾನೆ ಉಪ್ಪಿಟ್ಟಿಗೆ ಉಪ್ಪು ಹಾಕಿಲ್ಲ ಎಂದೆ. "ಹಾಕೇನಿ, ನಿಮ್ಮ ಚಿತ್ತ ಸೈಕಲ್ ಮ್ಯಾಲೈತಿ" ಎಂದಳು. ಮಾತಿಗೆ ಮಾತು ಬೆಳೆಯಿತು. ಹೇಳದೆ ಹೊರಟೆ. ಯಾರಾದರೂ ಫೋನ್ ಎತ್ತಿ ಗಾಡಿ ಕರೆಸಿಯಾರು ಎಂದು ಅದನ್ನು ಬಂದ್ ಮಾಡಿ ಕಿಸೆಯಲ್ಲಿಟ್ಟೆ. ದೇವರೇ ಗಾಡಿ ತಂದರೂ ಹತ್ತುವುದಿಲ್ಲ ಎಂದು ಆಣೆ ಮಾಡಿಕೊಂಡೆ.

ದೇವರು ಬರಲಿಲ್ಲ, ಉಳಿದವರೆಲ್ಲ ಬಂದರು. ತಿಕೋಟಾದ ಚಾದಂಗಡಿಯವನು ಅಡ್ಡ ನಿಂತು ಕರೆದ. ಒಲ್ಲೆ ಎಂದೆ. ಹೊನವಾಡದ ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸರ, ಈಗ ಕುಂಡ್ರಾಕ ಬರ್ತೈತೇನ್ರಿ?" ಎಂದು ಕೂಗಿದ. ಕೈ ಬೀಸಿದೆ. ಆಮೇಲೆ ಅದೇ ದ್ರಾಕ್ಷಿ ಟೆಂಪೋದ ಡ್ರೈವರ್ ಪಕ್ಕಕ್ಕೆ ಬಂದು ಗಾಡಿ ನಿಧಾನ ಮಾಡಿದ.

"ಹತ್ತರಿ ಸರ. ಬಿಸಿಲ ಏರಾಕತ್ತೈತಿ."

"ಒಲ್ಲೆ."

"ಯಾಕ್ರಿ, ಸಿಟ್ಟಾಗೀರೇನು?"

"ಇಲ್ಲ. ಇವತ್ತ ನಾ ಯಾರ ಗಾಡೀನೂ ಹತ್ತಂಗಿಲ್ಲ. ಇವತ್ತ ಮುಗಿಸೇಬಿಡ್ತೇನಿ" ಎಂದು ಮುಂದೆ ನೋಡುತ್ತ ತುಳಿದೆ. ನಾನು ಹೇಳಿದ್ದು ಸುತ್ತು ಮುಗಿಸುವ ಮಾತು. ಅವನು ಏನು ಕೇಳಿಸಿಕೊಂಡ ಎಂಬುದು ನನಗೆ ಸಂಜೆ ಗೊತ್ತಾಯಿತು.

ಮಡ್ಡಿಯ ಏರಿನಲ್ಲಿ ಇಳಿದು ನೂಕಿದೆ, ಇಳುಕಲಿನಲ್ಲಿ ಕಣ್ಣು ಮುಚ್ಚಿ ಬಿಟ್ಟೆ. ಬಬಲೇಶ್ವರ ದಾಟಿ ಬರುವಾಗ ತೊಡೆಗಳು ನನ್ನವಲ್ಲ ಎನ್ನಿಸತೊಡಗಿತ್ತು. ಕೊನೆಗೆ ದೂರದಲ್ಲಿ ಗೋಳಗುಮ್ಮಟ ಕಂಡಿತು. ಹುಟ್ಟಿದಾಗಿನಿಂದ ನೋಡಿದ ಗುಮ್ಮಟ, ಅಂದು ಅದನ್ನು ಕಂಡು ಕಣ್ಣು ತುಂಬಿ ಬಂತು. ತಿಕೋಟಾದಲ್ಲಿ ಹಚ್ಚಿಸಿಕೊಂಡ ಗಂಟೆಯನ್ನು ಬಾರಿಸುತ್ತ ಓಣಿಯೊಳಗೆ ಬಂದೆ.

ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೆಡ್‌ಮಾಸ್ತರರ ಕುರ್ಚಿ ಖಾಲಿ. ನಮ್ಮ ಮನೆಗೆ ಕೀಲಿ. ಮತ್ತೆ ಗಂಟೆ ಬಾರಿಸಿದೆ. ಒಂದು ನಾಯಿ ಎದ್ದು ನನ್ನನ್ನು ನೋಡಿ ಮತ್ತೆ ಮಲಗಿತು. ಜನ್ಮದಲ್ಲಿ ಒಮ್ಮೆ ಗೆದ್ದು ಬಂದಿದ್ದೇನೆ, ಆ ನಾಯಿಯೊಂದೇ ಸಾಕ್ಷಿ. ಮೆಟ್ಟಿಲ ಮೇಲೆ ಕೂತೆ. ಫೋನ್ ಚಾಲೂ ಮಾಡಲು ನೋಡಿದರೆ ಬೆವರು ಕುಡಿದು ಅದೂ ಸತ್ತಿತ್ತು.

ಹೊತ್ತು ಇಳಿಯುವಾಗ ಓಣಿಗೆ ಒಂದು ಗಾಡಿ ಬಂತು. ಅದೇ ದ್ರಾಕ್ಷಿ ಟೆಂಪೋ. ಡ್ರೈವರನ ಪಕ್ಕದಲ್ಲಿ ನನ್ನ ಹೆಂಡತಿ. ಹಿಂದೆ ಖಾಲಿ ಕ್ರೇಟುಗಳ ನಡುವೆ, ಒಂದು ಕೈಯಲ್ಲಿ ಧೋತರ, ಒಂದು ಕೈಯಲ್ಲಿ ಟೋಪಿ ಹಿಡಿದುಕೊಂಡು ಎದುರು ಮನೆಯ ಹೆಡ್‌ಮಾಸ್ತರರು.

ಆದದ್ದಿಷ್ಟು. ಡ್ರೈವರ್ ಗಾಬರಿಯಾಗಿ ಅವಳಿಗೆ ಫೋನ್ ಮಾಡಿದ್ದ. "ಅಕ್ಕಾರ, ಸರ್ ಇವತ್ತ ಗಾಡಿ ಒಲ್ಲೆ ಅಂದ್ರು. ಮಾರಿ ನೋಡಿ ಮಾತಾಡ್ಲಿಲ್ಲ. ಇವತ್ತ ಮುಗಿಸೇಬಿಡ್ತೇನಿ ಅಂದ್ರು. ಮನ್ಯಾಗ ಏನರ ಜಗಳ ಆಗೈತೇನ್ರಿ?" ನನ್ನ ಫೋನ್ ನೋಡಿದರೆ ಬಂದ್. ಅವಳು ಹೆಡ್‌ಮಾಸ್ತರರನ್ನು ಕರೆದುಕೊಂಡು ಆಟೋ ಹಿಡಿದು ತಿಕೋಟಾಕ್ಕೆ ಹೋದಳು. ನಾನು ಬಬಲೇಶ್ವರದ ಹಾದಿಯಿಂದ ಮನೆಗೆ ಬರುತ್ತಿದ್ದಾಗ ಅವಳು ತಿಕೋಟಾದ ಕಡೆ ಒಂದೊಂದೇ ದ್ರಾಕ್ಷಿ ಪಡ ಹುಡುಕುತ್ತಿದ್ದಳು. ಹೋದಲ್ಲೆಲ್ಲ ಸರ್ ಅವರ ಮನೆಯವರು ಎಂದು ಕೂಡಿಸಿ ಉಣ್ಣಿಸಿದ್ದಾರೆ. ಆಟೋ ಕೆಟ್ಟು ನಿಂತಾಗ ಈ ಟೆಂಪೋದವನೇ ಹತ್ತಿಸಿಕೊಂಡಿದ್ದಾನೆ.

ಇದೊಂದೂ ಗೊತ್ತಿರದ ನಾನು, ಇಷ್ಟು ತಿಂಗಳು ಕೇಳಿಸಿಕೊಂಡ ಮಾತನ್ನು ತಿರುಗಿ ಕೊಡುವ ಅವಕಾಶ ಬಿಡಲಾರದೆ, ಮೆಟ್ಟಿಲ ಮೇಲೆ ಎದ್ದು ನಿಂತೆ.

"ಬಂದ್ಯಾ? ಇವತ್ತ ಯಾವ ಗಾಡಿ?"

ಅವಳು ಇಳಿದು ಹತ್ತಿರ ಬಂದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಅದನ್ನು ನೋಡಿ ನಾನು ಮೆಟ್ಟಿಲಿಂದ ಕೆಳಗಿಳಿದೆ. ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು, ಗೋಡೆಗೆ ಒರಗಿದ್ದ ಸೈಕಲ್ಲನ್ನೂ ನೋಡಿದಳು.

"ನೀವು ಯಾವದರಾಗ ಬಂದ್ರಿ?"

"ಸೈಕಲ್ ಮ್ಯಾಲೆ. ಪೂರಾ ಸುತ್ತು."

"ಯಾರ ನೋಡ್ಯಾರ?"

ನಾನು ಆಸೆಯಿಂದ ಹೆಡ್‌ಮಾಸ್ತರರ ಕಡೆ ತಿರುಗಿದೆ. ಅವರು ಧೋತರಕ್ಕೆ ಅಂಟಿದ ದ್ರಾಕ್ಷಿ ಎಲೆ ಕೀಳುತ್ತ, "ನಾ ಹೆಂಗ ಸುಳ್ಳ ಹೇಳ್ಲಿ ತಮ್ಮಾ? ನಾ ಟೆಂಪೋದಾಗ ಇದ್ದೆ" ಎಂದರು.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಕೀಲಿ ತೆಗೆದಳು. ಹೊಸ್ತಿಲ ಮೇಲೆ ನಿಂತು ತಿರುಗಿ ನೋಡಿದಳು.

"ಸೈಕಲ್ ಇಲ್ಲೇ ಇರ್ಲಿ. ತಮ್ಮಗ ನಾ ಹೇಳ್ತೇನಿ. ಆದ್ರ ಕರಾರು ಬ್ಯಾರೆ ಐತಿ. ಇನ್ನ ಮುಂದ ಇದರ ಮ್ಯಾಲೆ ಎಲ್ಲಿ ಬೇಕಾದಲ್ಲಿ ಹೋಗ್ರಿ. ಬರೂದು ಮಾತ್ರ ಟೆಂಪೋದಾಗ ಬರಬೇಕು."